ಅಂಕ ಸಾಧಾರಣವಾದರೂ ವೈದ್ಯಕೀಯ ಸೀಟಿನ ದಾರಿ

ಹನ್ನೆರಡನೇ ತರಗತಿಯಲ್ಲಿ ಸಾಧಾರಣ ಅಂಕ ಬಂತೆಂದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಮೊರಪ್ಪೂರಿನಂಥ ಊರಿನ ಮಕ್ಕಳು ವೈದ್ಯಕೀಯದ ಆಸೆಯನ್ನೇ ಕೈಬಿಡುವುದು ದುಡುಕು. ರ‍್ಯಾಂಕ್ ನಿರ್ಧಾರವಾಗುವುದು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ಅಂಕದಿಂದ. ಹನ್ನೆರಡನೇ ತರಗತಿಯ ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇ. 50, ಮೀಸಲು ವರ್ಗಕ್ಕೆ ಶೇ. 40 ಇದ್ದರೆ ಸಾಕು. ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಗೊತ್ತಿಲ್ಲದ ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಬಾರದು.

ಎಷ್ಟೋ ಮಕ್ಕಳು ಎಡವುವುದು ಕಾಗದಪತ್ರದಲ್ಲಿ. ತಮಿಳುನಾಡಿನಲ್ಲಿ 6ರಿಂದ 12ರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ 2020ರಿಂದ ಶೇ. 7.5 ಒಳಮೀಸಲಾತಿ ಇದೆ. ಅದಕ್ಕೆ ಪುರಾವೆ ಬೇಕು; ನಡುವೆ ಶಾಲೆ ಬದಲಾಗಿದ್ದರೆ ಪ್ರತಿ ಶಾಲೆಯಿಂದಲೂ ಮುಖ್ಯೋಪಾಧ್ಯಾಯರ ಸಹಿ, ಮೊಹರಿರುವ ವ್ಯಾಸಂಗ ಪ್ರಮಾಣಪತ್ರವನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು ಜಾಣತನ. ದುಡ್ಡಿಗೆ ಧರ್ಮಪುರಿ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೇ ಸೀಟು ಕೊಡಿಸುತ್ತೇನೆನ್ನುವ ದಲ್ಲಾಳಿಯನ್ನು ನಂಬಬೇಡಿ. ಸರ್ಕಾರಿ ಸೀಟು ಸಿಗುವುದು ಕೌನ್ಸೆಲಿಂಗ್‌ನಲ್ಲಿ ಮಾತ್ರ.