ಅಳೆದದ್ದು ಊರಿಗೆ ತಲುಪಲಿ



ಮಳೆಮಾಪಕ, ಉಷ್ಣತಾಮಾಪಕಗಳಿಂದ ಅಳೆಯುವುದನ್ನು ನೀವು ಕಲಿತಿದ್ದೀರಿ. ಅಳೆದದ್ದನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟರೆ ಕೆಲಸ ಮುಗಿಯಿತೇ? ಇಲ್ಲ. ಅದು ಬೇಕಾದವರಿಗೆ, ಬೇಕಾದ ಹೊತ್ತಿಗೆ ಸಿಗಬೇಕು. ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಒಂದು ಘಟನೆ ನೋಡೋಣ.

2011ರ ಮಾರ್ಚ್ 11ರಂದು ಭೂಕಂಪವಾಗಿ ಸುನಾಮಿ ಬಂತು. ಫುಕುಶಿಮಾ ದಾಯಿಚಿ ಅಣುವಿದ್ಯುತ್ ಸ್ಥಾವರ ಹಾನಿಗೊಂಡು ವಿಕಿರಣಶೀಲ ವಸ್ತುಗಳು ಗಾಳಿಗೆ ಸೇರಿದವು. ಹತ್ತಿರದ ನಾಮಿಯೆ ಪಟ್ಟಣದ ಸಾವಿರಾರು ಜನ ವಾಯವ್ಯ ದಿಕ್ಕಿನ ತ್ಸುಶಿಮಾ ಪ್ರದೇಶಕ್ಕೆ ಹೋಗಿ ಆಶ್ರಯ ಪಡೆದರು. ಆದರೆ ವಿಕಿರಣ ಹೆಚ್ಚಾಗಿ ಹರಡಿದ್ದೂ ವಾಯವ್ಯಕ್ಕೇ! ಅದು ಯಾವ ಕಡೆ ಹರಡಬಹುದು ಎಂದು ಲೆಕ್ಕ ಹಾಕುವ ‘ಸ್ಪೀಡಿ’ ಎಂಬ ಕಂಪ್ಯೂಟರ್ ವ್ಯವಸ್ಥೆ ಸರಕಾರದ ಬಳಿ ಇತ್ತು. ಅದರ ಅಂದಾಜು ಜನರಿಗೆ ಸಕಾಲದಲ್ಲಿ ಸಿಗಲಿಲ್ಲ.

ಆಗ ‘ಸೇಫ್‌ಕಾಸ್ಟ್’ ಎಂಬ ಸ್ವಯಂಸೇವಕರ ಗುಂಪು ಹುಟ್ಟಿತು. ಗೈಗರ್ ಮಾಪಕಕ್ಕೆ ಜಿಪಿಎಸ್ ಜೋಡಿಸಿ, ಕಾರಿಗೆ ಕಟ್ಟಿಕೊಂಡು ರಸ್ತೆ ರಸ್ತೆ ಸುತ್ತಿದರು. ಉಪಕರಣ 5 ಸೆಕೆಂಡಿಗೊಮ್ಮೆ ಅಳತೆಯನ್ನೂ ಸ್ಥಳವನ್ನೂ ದಾಖಲಿಸುತ್ತಿತ್ತು. ಆ ಅಂಕಿಗಳನ್ನು ನಕ್ಷೆಯಾಗಿ ಅಂತರ್ಜಾಲದಲ್ಲಿ ಇಟ್ಟರು. ಯಾರು ಬೇಕಾದರೂ ನೋಡಬಹುದು, ಅನುಮತಿ ಕೇಳದೆ ಬಳಸಬಹುದು.

ಈಗ ನಮ್ಮ ಶಾಲೆಯ ಮಳೆ ಲೆಕ್ಕಕ್ಕೆ ಒಂದು ಜಾಲತಾಣ ಮಾಡುತ್ತೇವೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಏನೇನಿರಬೇಕು?

1. ಎಲ್ಲಿ, ಯಾವಾಗ, ಯಾವ ಮಾನದಲ್ಲಿ: ಬರೀ ‘42’ ಎಂದರೆ ಏನೂ ತಿಳಿಯದು. ‘42 ಮಿ.ಮೀ., ಶಾಲಾ ಅಂಗಳ, ಬೆಳಿಗ್ಗೆ 8.30ಕ್ಕೆ ಕೊನೆಗೊಂಡ 24 ಗಂಟೆ’ ಎಂದರೆ ಅರ್ಥವಾಗುತ್ತದೆ. ಭಾರತೀಯ ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೇ ಲೆಕ್ಕ ಹಾಕುತ್ತದೆ. ಸಮಯ ಒಂದೇ ಆದರೆ ಮಾತ್ರ ಹೋಲಿಕೆ ಸಾಧ್ಯ ಅಲ್ವಾ?

2. ಸೊನ್ನೆ ಬೇರೆ, ಖಾಲಿ ಬೇರೆ: ನಾಲ್ಕು ದಿನಗಳಲ್ಲಿ 40, 24, 32 ಮಿ.ಮೀ. ಮಳೆ ದಾಖಲಾಗಿದೆ, ಒಂದು ದಿನ ಅಳೆದಿಲ್ಲ. ಅಳೆದ ಮೂರು ದಿನಗಳ ಸರಾಸರಿ 32. ಅಳೆಯದ ದಿನಕ್ಕೆ ಸೊನ್ನೆ ಹಾಕಿದರೆ ಸರಾಸರಿ 24ಕ್ಕೆ ಇಳಿಯುತ್ತದೆ! ಸೊನ್ನೆ ಎಂದರೆ ‘ಅಳೆದೆವು, ಮಳೆ ಇರಲಿಲ್ಲ’ ಎಂದು. ಅಳೆಯದಿದ್ದರೆ ‘ಅಳತೆ ಇಲ್ಲ’ ಎಂದೇ ಬರೆಯಿರಿ.

3. ಮೂಲ ಅಂಕಿ ಅಳಿಸಬೇಡಿ: ಯಾವುದಾದರೂ ಅಳತೆ ಅನುಮಾನ ಹುಟ್ಟಿಸಿದರೆ ಪಕ್ಕದಲ್ಲಿ ಗುರುತು ಹಾಕಿ, ಕಾರಣ ಬರೆಯಿರಿ. ಓದುವವರು ತಾವೇ ತೀರ್ಮಾನಿಸಲಿ.

4. ಬಣ್ಣದ ಜೊತೆಗೆ ಪದ: ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಆರು ವರ್ಗಗಳಿವೆ. 0–50 ಹಸಿರು, ಅಂದರೆ ಉತ್ತಮ. 401–500 ಗಾಢ ಕೆಂಪು, ಅಂದರೆ ತೀವ್ರ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ಲೆಕ್ಕ ತಿಳಿಯದ ಅಜ್ಜಿಗೂ ಬಣ್ಣ ಅರ್ಥವಾಗುತ್ತದೆ. ಆದರೆ ಕೆಂಪು–ಹಸಿರು ವ್ಯತ್ಯಾಸ ಕಾಣದ ವರ್ಣಾಂಧರೂ ನಮ್ಮ ನಡುವೆ ಇದ್ದಾರೆ. ಆದ್ದರಿಂದ ಬಣ್ಣ, ಅಂಕಿ, ಪದ ಮೂರೂ ಇರಲಿ.

5. ಊರಿನ ಎಲ್ಲರ ಭಾಷೆ: ನಾವು ಗಡಿನಾಡಿನವರು. ನಮ್ಮ ನೆರೆಮನೆಯವರು ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗು ಓದುವವರಿರಬಹುದು. ಹೊಳೆ ಉಕ್ಕಿದರೆ ನೀರು ಭಾಷೆ ನೋಡಿ ಬರುವುದಿಲ್ಲ. ಪುಟ ಕನ್ನಡದಲ್ಲೂ ಇರಲಿ, ನೆರೆಯವರ ಭಾಷೆಯಲ್ಲೂ ಇರಲಿ.

6. ಇಳಿಸಿಕೊಳ್ಳಲು ಪಟ್ಟಿ: ಚಿತ್ರ ಮಾತ್ರ ಇದ್ದರೆ ಬೇರೆಯವರು ಲೆಕ್ಕ ಮಾಡಲಾರರು. ಅಂಕಿಗಳ ಪಟ್ಟಿಯನ್ನೂ ಕೊಡಿ.

ಜಾಲತಾಣ ಮಾಡಲು ಕಂಪ್ಯೂಟರ್ ಇಲ್ಲವೇ? ಚಿಂತೆ ಬೇಡ. ಶಾಲೆಯ ಸೂಚನಾಫಲಕವೇ ಮೊದಲ ಪುಟವಾಗಲಿ, ನಿಯಮಗಳು ಇವೇ.

ಮಾಡಿ ನೋಡಿ: ಒಂದು ವಾರ ಮಳೆ ಅಥವಾ ಉಷ್ಣತೆ ಅಳೆದು, ಮೇಲಿನ ಅಂಶಗಳಂತೆ ಒಂದು ಪುಟ ಬರೆಯಿರಿ. ವಿಜ್ಞಾನ ಓದದ ಹಿರಿಯರೊಬ್ಬರಿಗೆ ಕೊಟ್ಟು, ‘ಇದರಿಂದ ನಿಮಗೆ ಏನು ತಿಳಿಯಿತು?’ ಎಂದು ಕೇಳಿ. ಅವರಿಗೆ ಅರ್ಥವಾಗದ ಜಾಗವನ್ನು ತಿದ್ದಿ ಮತ್ತೆ ಬರೆಯಿರಿ.