ಮಾಂಸದ ಬಣ್ಣ ನಂಬಬೇಡಿ, ನಡುವಿನ ಬಿಸಿ ನೋಡಿ

ಪ್ರಶ್ನೆ: ನಾವು ಮಂಗಳೂರು ಕಡೆಯವರು, ಈಗ ಟೆಕ್ಸಾಸ್‌ನ ಆಸ್ಟಿನ್ ಹತ್ತಿರ ಇದ್ದೇವೆ. ಹಿತ್ತಲಲ್ಲಿ ಸ್ಮೋಕರ್ ಇಟ್ಟುಕೊಂಡಿದ್ದೇವೆ. ರಜೆ ಬಂದರೆ ಮನೆ ತುಂಬ ಜನ. ಬ್ರಿಸ್ಕೆಟ್ (ದನದ ಎದೆಯ ಮಾಂಸ), ಕೋಳಿ, ಹ್ಯಾಂಬರ್ಗರ್ ಎಲ್ಲವೂ ನನ್ನದೇ ಕೈ. ವೈರ್‌ಲೆಸ್ ಥರ್ಮಾಮೀಟರ್ ಕೊಳ್ಳಬೇಕೆಂದಿದ್ದೇನೆ. "ಇಷ್ಟು ವರ್ಷ ಬಣ್ಣ ನೋಡಿ, ಒತ್ತಿ ನೋಡಿ ಬೇಯಿಸಿದ್ದು ಸಾಲದೇ?" ಎನ್ನುತ್ತಾಳೆ ಪತ್ನಿ. ಆರೋಗ್ಯಕ್ಕೆ ಅದರಿಂದ ನಿಜವಾಗಿ ಉಪಯೋಗ ಇದೆಯೇ? ಇದ್ದರೆ ಎಂಥದ್ದು ಕೊಳ್ಳಲಿ?

ಉತ್ತರ: ಥರ್ಮಾಮೀಟರ್ ಬೇಕೇ ಬೇಕು. ಅದು ವೈರ್‌ಲೆಸ್ಸೇ ಆಗಬೇಕೆಂದೇನಿಲ್ಲ.

ಮೊದಲು ಬಣ್ಣದ ಮಾತು. 1993ರಲ್ಲಿ ಅಮೆರಿಕದ ವಾಷಿಂಗ್ಟನ್ ಮತ್ತು ಪಶ್ಚಿಮದ ಇತರ ಕೆಲವು ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ತೀರಿಕೊಂಡವು. ಕಾರಣ ಇ. ಕೋಲಿ ಓ157:ಎಚ್7 ಎಂಬ ಬ್ಯಾಕ್ಟೀರಿಯಾ. ಇದು ಬರೀ ಭೇದಿಗೆ ನಿಲ್ಲುವುದಿಲ್ಲ. ಇದರ ವಿಷ ಚಿಕ್ಕ ಮಕ್ಕಳ ಮೂತ್ರಪಿಂಡಗಳನ್ನೇ ನಿಲ್ಲಿಸಿಬಿಡಬಲ್ಲದು. ಮುಂದೆ ಅಮೆರಿಕದ ಕೃಷಿ ಇಲಾಖೆ ಹ್ಯಾಂಬರ್ಗರ್‌ಗಳನ್ನು ಪರೀಕ್ಷಿಸಿ ನೋಡಿದಾಗ, ನಾಲ್ಕರಲ್ಲಿ ಒಂದು ಸುರಕ್ಷಿತ ಬಿಸಿ ಮುಟ್ಟುವ ಮೊದಲೇ ಒಳಗೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಅಂದರೆ ನೋಡಲು ಬೆಂದಿದೆ, ಒಳಗೆ ಬೆಂದಿಲ್ಲ. ಬೆರಳಿನಿಂದ ಒತ್ತಿ ನೋಡುವುದು ಹದ ತಿಳಿಯಲು ಸರಿ, ರೋಗಾಣು ಸತ್ತಿದೆಯೇ ಎಂದು ತಿಳಿಯಲು ಅಲ್ಲ.

ಇಡೀ ತುಂಡಿನ ಮಾಂಸದಲ್ಲಿ ರೋಗಾಣು ಬಹುಪಾಲು ಮೇಲ್ಮೈಯಲ್ಲಿರುತ್ತದೆ, ಬೆಂಕಿ ತಗುಲಿದ ಕೂಡಲೇ ಸಾಯುತ್ತದೆ. ಅದನ್ನೇ ಖೀಮಾ ಮಾಡಿದರೆ ಮೇಲಿದ್ದದ್ದೆಲ್ಲ ಒಳಗೆ ಹೋಯಿತು. ಆದ್ದರಿಂದ ಒಂದೊಂದಕ್ಕೆ ಒಂದೊಂದು ಲೆಕ್ಕ. ದನ, ಕುರಿ, ಹಂದಿಯ ಇಡೀ ತುಂಡಿಗೆ 63 ಡಿಗ್ರಿ ಸೆಲ್ಸಿಯಸ್, ಆಮೇಲೆ ಇಳಿಸಿ ಮೂರು ನಿಮಿಷ ಬಿಡಬೇಕು. ಮೀನಿಗೂ 63. ಖೀಮಾಕ್ಕೆ 71. ಕೋಳಿ, ಟರ್ಕಿಗೆ 74. ನಿಮ್ಮೂರಿನ ಲೆಕ್ಕದಲ್ಲಿ 165 ಫ್ಯಾರನ್‌ಹೀಟ್. ಬ್ರಿಸ್ಕೆಟ್ ಅನ್ನು ನೀವು 93-95ರವರೆಗೆ ಒಯ್ಯುವುದು ಸುರಕ್ಷತೆಗಲ್ಲ, ಅದರಲ್ಲಿನ ಕೊಲಾಜನ್ ಕರಗಿ ಮಾಂಸ ಮೆತ್ತಗಾಗಲಿ ಎಂದು. ಹಾಗಾಗಿ ನಿಮ್ಮ ಮನೆಯಲ್ಲಿ ನನಗೆ ಭಯವಿರುವುದು ಬ್ರಿಸ್ಕೆಟ್ ಬಗ್ಗೆಯಲ್ಲ. ಅವಸರದಲ್ಲಿ ಇಳಿಸುವ ಹ್ಯಾಂಬರ್ಗರ್ ಮತ್ತು ಕೋಳಿಯ ತೊಡೆ ಬಗ್ಗೆ.

ಈಗ ಕೊಳ್ಳುವ ವಿಚಾರ. ಅಂಗಡಿಯಲ್ಲಿ ವೈರ್‌ಲೆಸ್ ಎಂದು ಮಾರುವುದರಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ಮಾಂಸಕ್ಕೆ ಚುಚ್ಚುವ ಕಡ್ಡಿಗೆ ಲೋಹದ ತಂತಿ ಇರುತ್ತದೆ; ತಂತಿ ಮುಚ್ಚಳದ ಸಂದಿಯಿಂದ ಹೊರಬಂದು ಒಂದು ಪೆಟ್ಟಿಗೆಗೆ ಸೇರುತ್ತದೆ, ಆ ಪೆಟ್ಟಿಗೆ ನಿಮ್ಮ ಕೈಯಲ್ಲಿರುವ ರಿಸೀವರ್‌ಗೋ ಫೋನಿಗೋ ಸುದ್ದಿ ಕಳಿಸುತ್ತದೆ. ಎರಡನೆಯದಕ್ಕೆ ತಂತಿಯೇ ಇಲ್ಲ. ಬ್ಯಾಟರಿ, ಸೆನ್ಸರ್, ಬ್ಲೂಟೂತ್ ಎಲ್ಲ ಕಡ್ಡಿಯೊಳಗೇ ಇರುತ್ತವೆ. 2015ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಹಣ ಎತ್ತಿ ಬಂದ ಮೀಟರ್ ಎಂಬ ಹೆಸರಿನ ಸಾಧನ ಈ ಎರಡನೇ ಬಗೆಯನ್ನು ಮನೆಮನೆಗೆ ತಂದಿತು, ಈಗ ಹತ್ತಾರು ಕಂಪನಿಗಳು ಮಾಡುತ್ತವೆ.

ತಂತಿಯಿಲ್ಲದ್ದು ನೋಡಲು ಚೆಂದ. ಆದರೆ ಬ್ಲೂಟೂತ್ ಅಲೆಗೆ ಲೋಹ ಎಂದರೆ ಗೋಡೆ. ಡಬ್ಬಿಯ ಮೇಲೆ 50 ಮೀಟರ್ ಎಂದು ಬರೆದಿರುವುದು ಬಯಲಿನ ಲೆಕ್ಕ. ದಪ್ಪ ಉಕ್ಕಿನ ಸ್ಮೋಕರ್ ಒಳಗಿನಿಂದ ಅಡುಗೆಮನೆಯ ಗೋಡೆ ದಾಟಿ ಬರುವಷ್ಟರಲ್ಲಿ ಅದು ಎಷ್ಟೋ ಕುಗ್ಗಿರುತ್ತದೆ. ಆದ್ದರಿಂದ ಅಂಥದ್ದು ಕೊಂಡರೆ ನಡುವೆ ಇಡುವ ರಿಪೀಟರ್ ಅಥವಾ ವೈಫೈ ಪೆಟ್ಟಿಗೆ ಜೊತೆಗೆ ಬರುತ್ತದೆಯೇ ನೋಡಿ. ಇನ್ನೊಂದು ಸಂಗತಿ ಜಾಹೀರಾತಿನಲ್ಲಿ ಕಾಣುವುದಿಲ್ಲ. ಕಡ್ಡಿಯೊಳಗಿನ ಬ್ಯಾಟರಿ ಮತ್ತು ಚಿಪ್ ಹೆಚ್ಚು ಬಿಸಿ ತಡೆಯುವುದಿಲ್ಲ. ಅನೇಕ ಮಾದರಿಗಳಲ್ಲಿ ಮಾಂಸದೊಳಗಿನ ಮಿತಿ ಸುಮಾರು 100 ಡಿಗ್ರಿ. ಕಡ್ಡಿಯ ಮೇಲೆ ಒಂದು ಗೆರೆ ಕೊರೆದಿರುತ್ತದೆ, ಅದು ಕಾಣದಷ್ಟು ಆಳಕ್ಕೆ ಚುಚ್ಚಬೇಕು. ಒಳಗೆ ಹೋದ ಭಾಗವನ್ನು ಮಾಂಸವೇ ತಂಪಾಗಿಡುತ್ತದೆ. ಅರ್ಧ ಹೊರಗೆ ಬಿಟ್ಟರೆ ಕಡ್ಡಿ ಸುಟ್ಟಿತು, ದುಡ್ಡೂ ಸುಟ್ಟಿತು. ಬೋಟಿ ಕಬಾಬ್, ತೆಳ್ಳಗಿನ ಮೀನು, ಹ್ಯಾಂಬರ್ಗರ್‌ಗೆ ಇದು ಆಗುವುದೇ ಇಲ್ಲ.

ನನ್ನ ತೀರ್ಮಾನ ಕೇಳಿದರೆ, ಹತ್ತು ಹನ್ನೆರಡು ಗಂಟೆ ಹೊಗೆಯಲ್ಲಿ ಕೂರುವ ಬ್ರಿಸ್ಕೆಟ್‌ಗೆ ತಂತಿಯ ಕಡ್ಡಿ, ಹೊರಗೆ ರೇಡಿಯೊ ರಿಸೀವರ್ ಇರುವ ಮಾದರಿಯೇ ಗಟ್ಟಿ. ಎರಡು ಕಡ್ಡಿ ಇರಲಿ, ಒಂದು ಮಾಂಸಕ್ಕೆ, ಒಂದು ಜಾಲರಿಯ ಮೇಲೆ ಸ್ಮೋಕರ್‌ನ ಬಿಸಿ ನೋಡಲು. ಸ್ಮೋಕರ್ ಒಳಗೆ 107ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮಾಂಸ ತೀರಾ ನಿಧಾನವಾಗಿ ಬಿಸಿಯೇರಿ ರೋಗಾಣು ಬೆಳೆಯಲು ಹೊತ್ತು ಸಿಗುತ್ತದೆ. ಮುಚ್ಚಳಕ್ಕೆ ಕೂರಿಸಿ ಕೊಟ್ಟಿರುವ ದುಂಡನೆಯ ಮುಳ್ಳಿನ ಮಾಪಕವನ್ನು ನಂಬಬೇಡಿ, ಅದು ಅಳೆಯುವುದು ಮುಚ್ಚಳದ ಬಳಿಯ ಗಾಳಿಯನ್ನು. ತಿರುಗುವ ಸಲಾಕೆಯ ಕೋಳಿಗೆ ಮಾತ್ರ ತಂತಿಯಿಲ್ಲದ್ದೇ ಬೇಕು, ತಂತಿ ಸುತ್ತಿಕೊಳ್ಳುತ್ತದೆ.

ಯಾವುದನ್ನೇ ಕೊಂಡರೂ ಜೊತೆಗೆ ಎರಡು ಮೂರು ಸೆಕೆಂಡಿನಲ್ಲಿ ಅಂಕಿ ಹೇಳುವ ಸಾದಾ ಕೈ ಥರ್ಮಾಮೀಟರ್ ಒಂದು ಇರಲೇಬೇಕು. ವೈರ್‌ಲೆಸ್ ಕಡ್ಡಿ ಒಂದೇ ಜಾಗದ ಸುದ್ದಿ ಹೇಳುತ್ತದೆ. ಅಲಾರಂ ಹೊಡೆದ ಮೇಲೆ ಕೈ ಥರ್ಮಾಮೀಟರ್‌ನಿಂದ ಕೋಳಿಯ ಎದೆಯ ದಪ್ಪ ಭಾಗ, ಒಳತೊಡೆ ಎರಡನ್ನೂ ಮೂಳೆ ತಾಗದ ಹಾಗೆ ಚುಚ್ಚಿ ನೋಡಿ. ಎಲ್ಲಕ್ಕಿಂತ ಕಡಿಮೆ ಬಂದ ಅಂಕಿಯೇ ನಿಮ್ಮ ಅಂಕಿ. ಹ್ಯಾಂಬರ್ಗರ್‌ಗೆ ಮೇಲಿನಿಂದ ಬೇಡ, ಪಕ್ಕದಿಂದ ಚುಚ್ಚಿ. ಹಸಿ ಮಾಂಸಕ್ಕೆ ಚುಚ್ಚಿದ ಕಡ್ಡಿಯನ್ನು ಸೋಪು ಹಾಕಿ ತೊಳೆಯದೆ ಬೆಂದದ್ದಕ್ಕೆ ಚುಚ್ಚಬಾರದು. ದುಡ್ಡು ಒಂದಕ್ಕೇ ಸಾಲುವುದಾದರೆ ಕೈ ಥರ್ಮಾಮೀಟರನ್ನೇ ಕೊಳ್ಳಿ.

ಪ್ರಶ್ನೆ: ಸ್ಮೋಕರ್‌ನಲ್ಲಿಟ್ಟ ಮಾಂಸ 68 ಡಿಗ್ರಿವರೆಗೆ ಚೆನ್ನಾಗಿ ಏರಿ, ಆಮೇಲೆ ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ. ಥರ್ಮಾಮೀಟರ್ ಕೆಟ್ಟಿದೆಯೇ? ಅಷ್ಟು ಹೊತ್ತು ಹಾಗೆಯೇ ಇದ್ದರೆ ಮಾಂಸ ಹಾಳಾಗುವುದಿಲ್ಲವೇ?

ಉತ್ತರ: ಎರಡೂ ಇಲ್ಲ. ಓಡಿದಾಗ ನಮ್ಮ ಮೈ ಬೆವರಿ ತಂಪಾಗುವ ಹಾಗೆ, ಮಾಂಸದ ಮೇಲ್ಮೈಯಿಂದ ನೀರು ಆವಿಯಾಗುತ್ತಾ ಬಂದ ಬಿಸಿಯನ್ನೆಲ್ಲ ಒಯ್ದುಬಿಡುತ್ತದೆ. ಮೇಲ್ಮೈ ಒಣಗಿದ ಮೇಲೆ ಅಂಕಿ ಮತ್ತೆ ಏರುತ್ತದೆ. ಅವಸರವಿದ್ದರೆ ದಪ್ಪ ಕಾಗದವನ್ನೋ ಫಾಯಿಲನ್ನೋ ಸುತ್ತಿ. ರೋಗಾಣು ಬೆಳೆಯುವುದು 4ರಿಂದ 60 ಡಿಗ್ರಿಯ ನಡುವೆ, 68 ಅದರಾಚೆಯದು. ಈ ಹೊತ್ತಿನಲ್ಲಿ ಫೋನಿನ ಆಪ್ "ಇನ್ನು 40 ನಿಮಿಷ" ಎಂದು ಹೇಳಿದರೆ ಅತಿಥಿಗಳಿಗೆ ಎಲೆ ಹಾಕಬೇಡಿ. ಅದು ಅಂದಾಜು, ಅಷ್ಟೇ.

ಪ್ರಶ್ನೆ: ಬೆಂಗಳೂರಿನ ಮನೆಯ ತಾರಸಿಯಲ್ಲಿ ಆಗಾಗ ಇದ್ದಿಲಿನ ಗ್ರಿಲ್ ಹಚ್ಚುತ್ತೇವೆ. ಕೋವಿಡ್ ಕಾಲದಲ್ಲಿ ಕೊಂಡ, ಹಣೆಗೆ ಹಿಡಿಯುವ ಥರ್ಮಲ್ ಗನ್ ಇದೆ. ಜ್ವರದ ಥರ್ಮಾಮೀಟರೂ ಇದೆ. ಅವನ್ನೇ ಬಳಸಬಹುದಲ್ಲವೇ?

ಉತ್ತರ: ದಯವಿಟ್ಟು ಬೇಡ. ಜ್ವರದ ಥರ್ಮಾಮೀಟರ್ 42 ಡಿಗ್ರಿಗೆ ಮುಗಿಯಿತು. ಹಳೆಯ ಗಾಜಿನದ್ದಾದರೆ ಬಿಸಿಗೆ ಒಡೆದು ಪಾದರಸ ಊಟಕ್ಕೆ ಬೀಳುತ್ತದೆ. ಹಣೆಯ ಗನ್ ಕೂಡ ಮೈಬಿಸಿಯ ಆಚೀಚೆ ಮಾತ್ರ ಓದುತ್ತದೆ. ಕಾರ್ಖಾನೆಯಲ್ಲಿ ಬಳಸುವ ಗನ್ 300 ಡಿಗ್ರಿವರೆಗೂ ಓದಬಹುದು, ಆದರೆ ಅದೂ ಹೊರಮೈಯನ್ನೇ ನೋಡುತ್ತದೆ. ಕೋಳಿಯ ಚರ್ಮ ಕರಕಲಾದಾಗಲೂ ಮೂಳೆಯ ಪಕ್ಕ ಹಸಿ ಇರುವುದೇ ಇಲ್ಲಿನ ಸಮಸ್ಯೆ. ಚುಚ್ಚುವ ಡಿಜಿಟಲ್ ಥರ್ಮಾಮೀಟರ್ ಬೇಕು. ತಾರಸಿಯ ಮೇಲೆ ಗ್ರಿಲ್ ಪಕ್ಕದಲ್ಲೇ ನಿಂತಿರುವವರಿಗೆ ವೈರ್‌ಲೆಸ್‌ಗೆ ಖರ್ಚು ಮಾಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಇನ್ನೊಂದು ಮಾತು. ಕುದಿಕುದಿದು ಆಗುವ ಕೋಳಿಸಾರು, ಕುಕ್ಕರಿನ ಮಟನ್, ಗಂಟೆಗಟ್ಟಲೆ ಬೇಯುವ ಪಂದಿ ಕರಿ, ಇವುಗಳಿಗೆ ಯಾವ ಥರ್ಮಾಮೀಟರೂ ಬೇಡ. ನಮ್ಮ ಅಜ್ಜಿಯರು ಅದಿಲ್ಲದೆ ಊರಿಗೆ ಊಟ ಹಾಕಿದ್ದು ಈ ಕಾರಣಕ್ಕೆ. ತೊಂದರೆ ಶುರುವಾಗುವುದು ಕೆಂಡದ ಮೇಲಿನ ದೊಡ್ಡ ತುಂಡಿನಲ್ಲಿ.

ಪ್ರಶ್ನೆ: ಹೊಸ ಥರ್ಮಾಮೀಟರನ್ನು ಕುದಿಯುವ ನೀರಿಗೆ ಅದ್ದಿದರೆ 97 ತೋರಿಸಿತು. ಮೈಸೂರು ರಸ್ತೆಯಲ್ಲಿ ನಮ್ಮ ಮನೆ, ಬೆಂಗಳೂರು. ವಾಪಸ್ ಕಳಿಸಲೇ?

ಉತ್ತರ: ಕಳಿಸಬೇಡಿ, ಅದು ಸರಿಯಾಗಿಯೇ ಓದುತ್ತಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಗಾಳಿಯ ಒತ್ತಡ ಕಡಿಮೆಯಾದ ಹಾಗೆ ನೀರು ಬೇಗ ಕುದಿಯುತ್ತದೆ. ಇಲ್ಲಿ ಸುಮಾರು 97ಕ್ಕೆ, ಮಂಗಳೂರಿನಲ್ಲಿ 100ಕ್ಕೆ, ಅಮೆರಿಕದ ಡೆನ್ವರ್‌ನಲ್ಲಿ 95ರ ಹತ್ತಿರ. ಊರಿನ ಎತ್ತರದ ಗೋಜು ಬೇಡ ಎಂದರೆ ಮಂಜುಗಡ್ಡೆಯ ಪರೀಕ್ಷೆ ಮಾಡಿ. ಲೋಟದ ತುಂಬ ಪುಡಿ ಐಸ್ ಹಾಕಿ, ಸಂದಿ ತುಂಬುವಷ್ಟು ತಣ್ಣೀರು ಸುರಿದು, ಒಂದೆರಡು ನಿಮಿಷ ಬಿಟ್ಟು ಕಲಕಿ, ಕಡ್ಡಿಯ ತುದಿ ಲೋಟದ ತಳ ತಾಗದಂತೆ ಹಿಡಿಯಿರಿ. ಎಲ್ಲ ಊರಲ್ಲೂ ಅದು ಸೊನ್ನೆ ತೋರಿಸಬೇಕು. ಒಂದು ಡಿಗ್ರಿ ಆಚೀಚೆ ಪರವಾಗಿಲ್ಲ. ಮೂರು ನಾಲ್ಕು ಡಿಗ್ರಿ ತಪ್ಪಿದರೆ, ಸರಿಪಡಿಸುವ ಸೌಲಭ್ಯವೂ ಇಲ್ಲದಿದ್ದರೆ, ಆಗ ಕಳಿಸಿ.

ಪ್ರಶ್ನೆ: ಕೊಡಗಿನವಳು, ಐದು ತಿಂಗಳ ಗರ್ಭಿಣಿ. ಗ್ರಿಲ್ ಮಾಡಿದ ಹಂದಿಮಾಂಸ ತಿನ್ನಬಹುದೇ? ಹಂದಿಯಿಂದ ಮೆದುಳಿಗೆ ಹುಳ ಹೋಗುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ.

ಉತ್ತರ: ಚೆನ್ನಾಗಿ ಬೆಂದಿದ್ದರೆ ಧಾರಾಳವಾಗಿ ತಿನ್ನಿ. ಮೊದಲು ಆ ಹುಳದ ವಿಷಯ ಬಿಡಿಸಿ ಹೇಳುತ್ತೇನೆ. ಬೇಯದ ಹಂದಿಮಾಂಸದಲ್ಲಿ ಲಾಡಿಹುಳದ ಚೀಲಗಳಿದ್ದರೆ ತಿಂದವರ ಕರುಳಿನಲ್ಲಿ ಹುಳ ಬೆಳೆಯುತ್ತದೆ. ಮೆದುಳಿಗೆ ಹೋಗುವುದು ಹುಳದ ಮೊಟ್ಟೆಯಿಂದ. ಆ ಮೊಟ್ಟೆ ಬರುವುದು ಹುಳವಿರುವ ಮನುಷ್ಯನ ಮಲದಿಂದ, ಕೊಳಕು ಕೈ, ಕೊಳಕು ನೀರು, ತೊಳೆಯದ ಸೊಪ್ಪು ತರಕಾರಿಯ ಮೂಲಕ. ಹಾಗಾಗಿಯೇ ಹಂದಿಯನ್ನು ಮುಟ್ಟದ ಸಸ್ಯಾಹಾರಿಗಳಲ್ಲೂ ಈ ಕಾಯಿಲೆಯಿಂದ ಅಪಸ್ಮಾರ ಬರುವುದನ್ನು ನಮ್ಮ ದೇಶದ ವೈದ್ಯರು ಕಾಣುತ್ತಲೇ ಇದ್ದೇವೆ.

ಗರ್ಭಿಣಿಯರಲ್ಲಿ ನನಗೆ ಹೆಚ್ಚು ಚಿಂತೆ ಟಾಕ್ಸೊಪ್ಲಾಸ್ಮಾ ಮತ್ತು ಲಿಸ್ಟೀರಿಯಾ ಎಂಬ ರೋಗಾಣುಗಳದ್ದು. ಎರಡೂ ತಾಯಿಗೆ ಅಷ್ಟಾಗಿ ತೊಂದರೆ ಕೊಡದೆ ಮಗುವನ್ನು ಮುಟ್ಟಬಲ್ಲವು. ಹಂದಿಯ ಇಡೀ ತುಂಡಿಗೆ ಬೇಕಾದ ಬಿಸಿಯನ್ನು ಅಮೆರಿಕದ ಕೃಷಿ ಇಲಾಖೆ 2011ರಲ್ಲಿ 71ರಿಂದ 63ಕ್ಕೆ ಇಳಿಸಿತು. ಆರೋಗ್ಯವಂತರಿಗೆ ಅದು ಸಾಕು. ನಿಮಗೆ, ಮತ್ತು ಮೂತ್ರಪಿಂಡ ಕಸಿ ಆದವರಿಗೆ, ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರಿಗೆ ನಾನು ಹೇಳುವುದು ಹಳೆಯ 71ನ್ನೇ. ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಮಾಂಸ ಬೆಂದ ಮಾಂಸವಲ್ಲ. ಅದನ್ನು ಮತ್ತೆ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗಿಡಿ, ತಿನ್ನುವಾಗ 74ಕ್ಕೆ ಬಿಸಿ ಮಾಡಿ.

ಪ್ರಶ್ನೆ: ಥರ್ಮಾಮೀಟರ್ 74 ದಾಟಿದರೂ ಹೊಗೆಯಲ್ಲಿ ಬೆಂದ ಕೋಳಿ ಗುಲಾಬಿ ಬಣ್ಣ. ಮಗ ತಟ್ಟೆ ತಳ್ಳಿಬಿಟ್ಟ.

ಉತ್ತರ: ಹೊಗೆಯಲ್ಲಿನ ನೈಟ್ರಿಕ್ ಆಕ್ಸೈಡ್ ಮಾಂಸದ ಮಯೋಗ್ಲೋಬಿನ್ ಜೊತೆ ಸೇರಿದರೆ ಆ ಬಣ್ಣ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಎಳೆಯ ಕೋಳಿಯ ಮೂಳೆಯ ಪಕ್ಕದ ಕೆಂಪು ಮಜ್ಜೆಯದು. ಎರಡು ಮೂರು ಕಡೆ ಚುಚ್ಚಿದಾಗ 74 ಬಂದಿದ್ದರೆ ತಟ್ಟೆಯನ್ನು ಮತ್ತೆ ಮಗನ ಮುಂದಿಡಿ.

ಪ್ರಶ್ನೆ: ತಂದೆಗೆ ಪೇಸ್‌ಮೇಕರ್ ಇದೆ. ಮನೆಯಲ್ಲಿ ಬ್ಲೂಟೂತ್ ಥರ್ಮಾಮೀಟರ್ ಇಡಬಹುದೇ?

ಉತ್ತರ: ಇಡಬಹುದು. ಬ್ಲೂಟೂತ್ ಅಲೆಯ ಶಕ್ತಿ ಬಹಳ ಕಡಿಮೆ. ಆದರೆ ಕೆಲವು ಥರ್ಮಾಮೀಟರ್‌ಗಳ ಚಾರ್ಜರ್ ಪೆಟ್ಟಿಗೆಯ ಬೆನ್ನಿಗೆ, ಗ್ರಿಲ್‌ಗೆ ಅಂಟಿಕೊಳ್ಳಲೆಂದು ಅಯಸ್ಕಾಂತ ಇರುತ್ತದೆ. ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಬಾರದು. ಎದೆಯಿಂದ 15 ಸೆಂಟಿಮೀಟರ್ ದೂರವಿದ್ದರೆ ಸಾಕು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇವೆ. ಗ್ರಿಲ್ ಹಚ್ಚಿದ ಮೇಲೆ ಮಳೆ ಶುರುವಾದರೆ ಗ್ಯಾರೇಜಿನೊಳಗೆ ಎಳೆದು, ಬಾಗಿಲು ಅರ್ಧ ತೆರೆದಿಡುತ್ತೇವೆ. ಬಿಸಿ ಎಷ್ಟಿದೆ ಎಂದು ಫೋನಿನಲ್ಲೇ ಕಾಣುತ್ತದೆ, ಹತ್ತಿರ ನಿಲ್ಲಬೇಕಾಗಿಲ್ಲ. ಇದು ಸರಿಯೇ?

ಉತ್ತರ: ಖಂಡಿತ ಸರಿಯಲ್ಲ. ಈ ಎಲ್ಲ ಪತ್ರಗಳಲ್ಲಿ ನನ್ನನ್ನು ನಿಜಕ್ಕೂ ಹೆದರಿಸಿದ್ದು ಇದೊಂದೇ. ಉರಿಯುವ ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಜನ ಅದನ್ನು ದಣಿವು ಎಂದುಕೊಂಡು ಮಲಗುತ್ತಾರೆ, ಮಲಗಿದವರು ಏಳುವುದಿಲ್ಲ. ಅರ್ಧ ತೆರೆದ ಬಾಗಿಲು ಸಾಲದು. ಗ್ಯಾರೇಜಿನಿಂದ ಅನಿಲ ಮನೆಯೊಳಗೂ ನುಗ್ಗುತ್ತದೆ. ಫೋನಿನಲ್ಲಿ ಕಾಣುವುದು ಮಾಂಸದ ಬಿಸಿ ಮಾತ್ರ, ಗಾಳಿಯಲ್ಲಿನ ವಿಷ ಅಲ್ಲಿ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಗ್ರಿಲ್ ಹಚ್ಚುವವರಿಗೂ ಇದೇ ಮಾತು.

ಮಳೆ ಬಂದರೆ ಗ್ರಿಲ್ ಹೊರಗೇ ಇರಲಿ, ಮುಚ್ಚಳ ಮತ್ತು ಗಾಳಿಕಿಂಡಿ ಮುಚ್ಚಿ ಕೆಂಡ ಆರಲು ಬಿಡಿ. ಕೋಳಿಯನ್ನು ತಡಮಾಡದೆ ಒಳಗಿನ ಓವನ್‌ಗೆ ಹಾಕಿ 74 ಮುಟ್ಟಿಸಿ. ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಥರ್ಮಾಮೀಟರ್‌ಗಿಂತ ಮೊದಲು ಅದನ್ನು ಕೊಳ್ಳಿ.