ಸಾವಿರ ರಾ ಚಿತ್ರಗಳನ್ನು ಬೇಗ ಇಳಿಸಿ, ಬೇಗ ಆರಿಸಿ

ರಂಗನತಿಟ್ಟಿನ ದೋಣಿಯಲ್ಲಿ ಕೂತು, ಹಾರುವ ಬಣ್ಣದ ಕೊಕ್ಕರೆಗಳನ್ನು ಬರ್ಸ್ಟ್‌ ಮೋಡ್‌ನಲ್ಲಿ ತೆಗೆಯುತ್ತಾ ಹೋದರೆ ಸಾವಿರ ಚಿತ್ರ ಸೇರುವುದು ಗೊತ್ತೇ ಆಗುವುದಿಲ್ಲ. 24 ಮೆಗಾಪಿಕ್ಸೆಲ್‌ ಕ್ಯಾಮೆರಾದ ಒಂದು ‘ರಾ’ ಫೈಲ್‌ ಸುಮಾರು 30 ಎಂಬಿ ಎಂದುಕೊಂಡರೆ ಒಟ್ಟು 30 ಜಿಬಿ. ಇವನ್ನು ಕಂಪ್ಯೂಟರಿಗೆ ಇಳಿಸಿ ಆರಿಸುವಾಗ ಹೆಚ್ಚು ಹೊತ್ತು ಹಿಡಿಯುವುದು ಎರಡು ಕಡೆ: ಫೈಲ್‌ ಸಾಗುವಾಗ, ಪ್ರಿವ್ಯೂ ತಯಾರಾಗುವಾಗ. ಎರಡಕ್ಕೂ ಹೊಸ ಕಂಪ್ಯೂಟರ್‌ ಬೇಕಿಲ್ಲ.

1. ಒಳ್ಳೆಯ ಕಾರ್ಡ್‌ ರೀಡರ್‌ ಬಳಸಿ
ಹಳೆಯ ಯುಎಸ್‌ಬಿ 2.0 ರೀಡರ್‌ ಸೆಕೆಂಡಿಗೆ ಸುಮಾರು 35 ಎಂಬಿ ಸಾಗಿಸುತ್ತದೆ. 30 ಜಿಬಿಗೆ ಕಾಲು ಗಂಟೆ ಬೇಕು. ಯುಎಸ್‌ಬಿ 3.0 ರೀಡರ್‌ನಲ್ಲಿ ಯುಎಚ್‌ಎಸ್‌-1 ಕಾರ್ಡ್‌ ಹಾಕಿದರೆ ಆರು ನಿಮಿಷದ ಆಸುಪಾಸು. ಯುಎಚ್‌ಎಸ್‌-2 ಕಾರ್ಡ್‌ ಇನ್ನೂ ವೇಗ, ಆದರೆ ರೀಡರ್‌ ಕೂಡ ಅದೇ ದರ್ಜೆಯದಾಗಿರಬೇಕು.

2. ಮೊದಲು ನಕಲು, ಆಮೇಲೆ ಇಂಪೋರ್ಟ್‌
ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲಿ ವರ್ಷ, ತಿಂಗಳು, ದಿನ, ಜಾಗ ಎಂಬ ಕ್ರಮದಲ್ಲಿ ಹೆಸರಿಟ್ಟು ಫೋಲ್ಡರ್‌ ಮಾಡಿ, ಫೈಲ್‌ಗಳನ್ನು ಅದಕ್ಕೆ ನಕಲಿಸಿ. ಚಿತ್ರ ಆರಿಸಿ ತಿದ್ದುವ ತಂತ್ರಾಂಶವಾದ ಲೈಟ್‌ರೂಮ್‌ ಕ್ಲಾಸಿಕ್‌ನ ಇಂಪೋರ್ಟ್‌ ಕಿಟಕಿಯಲ್ಲಿ ‘ಕಾಪಿ’ ಬದಲು ‘ಆ್ಯಡ್‌’ ಒತ್ತಿ.

3. ಕ್ಯಾಮೆರಾ ಕೊಟ್ಟ ಪ್ರಿವ್ಯೂ ಸಾಕು
ಪ್ರತಿ ರಾ ಫೈಲ್‌ನೊಳಗೆ ಕ್ಯಾಮೆರಾವೇ ಒಂದು ಜೆಪೆಗ್‌ ಇಟ್ಟಿರುತ್ತದೆ. ‘ಬಿಲ್ಡ್‌ ಪ್ರಿವ್ಯೂಸ್‌’ನಲ್ಲಿ ‘ಎಂಬೆಡೆಡ್‌ ಆ್ಯಂಡ್‌ ಸೈಡ್‌ಕಾರ್‌’ ಆರಿಸಿದರೆ ಲೈಟ್‌ರೂಮ್‌ ಅದನ್ನೇ ತೋರಿಸುತ್ತದೆ. ಎಲ್ಲ ಚಿತ್ರಗಳಿಗೂ ಪೂರ್ಣ ಗಾತ್ರದ ‘1:1’ ಪ್ರಿವ್ಯೂ ಕೇಳಿದರೆ ಕಾಯಬೇಕಾಗುತ್ತದೆ. ಕೆಲವು ಕ್ಯಾಮೆರಾಗಳ ಜೆಪೆಗ್‌ ಚಿಕ್ಕದು. ದೊಡ್ಡದು ಮಾಡಿ ಫೋಕಸ್‌ ನೋಡಲು ಆಗದು. ಅಂಥಲ್ಲಿ ಮೊದಲ ಸುತ್ತಿನ ಆಯ್ಕೆಯಲ್ಲಿ ಉಳಿದವಕ್ಕೆ ಮಾತ್ರ ‘1:1’ ಮಾಡಿಸಿ. ದುಡ್ಡು ಕೊಡುವ ಮನಸ್ಸಿಲ್ಲದವರಿಗೆ ಡಿಜಿಕ್ಯಾಮ್‌, ಡಾರ್ಕ್‌ಟೇಬಲ್‌ ಉಚಿತ.

4. ಆರಿಸುವಾಗ ತಿದ್ದಬೇಡಿ
ನಡುನಡುವೆ ಬಣ್ಣ, ಬೆಳಕು ಸರಿಮಾಡಲು ಹೋದರೆ ಆರಿಸುವ ಕೆಲಸ ಅಲ್ಲೇ ನಿಲ್ಲುತ್ತದೆ. ಲೈಟ್‌ರೂಮ್‌ನಲ್ಲಿ ಕ್ಯಾಪ್ಸ್‌ ಲಾಕ್‌ ಹಾಕಿಟ್ಟು ‘ಎಕ್ಸ್‌’ ಒತ್ತಿದರೆ ಚಿತ್ರ ತಿರಸ್ಕೃತ, ‘ಪಿ’ ಒತ್ತಿದರೆ ಆಯ್ಕೆ. ಮುಂದಿನ ಚಿತ್ರ ತಾನಾಗಿ ಬರುತ್ತದೆ. ಮೊದಲ ಸುತ್ತಿನಲ್ಲಿ ಬೇಡದ್ದನ್ನಷ್ಟೇ ತೆಗೆಯಿರಿ: ಕಣ್ಣು ಮಸುಕಾದದ್ದು, ರೆಕ್ಕೆಯ ತುದಿ ಚೌಕಟ್ಟಿನಾಚೆ ಹೋದದ್ದು. ಎರಡನೇ ಸುತ್ತಿನಲ್ಲಿ ಒಂದೊಂದು ಬರ್ಸ್ಟ್‌ನಿಂದ ಒಂದೋ ಎರಡೋ ಉಳಿಸಿ. ರೆಕ್ಕೆಯ ಭಂಗಿಯನ್ನು ಅಕ್ಕಪಕ್ಕ ಇಟ್ಟು ನೋಡಲು ‘ಕಂಪೇರ್‌’ ನೋಟವಿದೆ.

5. ಅಳಿಸಿ, ಎರಡು ಕಡೆ ಉಳಿಸಿ
‘ಫೋಟೊ’ ಮೆನುವಿನ ‘ಡಿಲೀಟ್‌ ರಿಜೆಕ್ಟೆಡ್‌ ಫೋಟೋಸ್‌’ನಿಂದ ತಿರಸ್ಕರಿಸಿದವನ್ನು ಒಟ್ಟಿಗೆ ಅಳಿಸಿ. ಉಳಿದವನ್ನು ಹೊರಗಿನ ಡಿಸ್ಕಿಗೂ ನಕಲಿಸಿ, ಎರಡೂ ಕಡೆ ಫೈಲ್‌ ತೆರೆಯುತ್ತದೆಯೇ ನೋಡಿ. ಅನಂತರವೇ ಕಾರ್ಡನ್ನು ಕ್ಯಾಮೆರಾದಲ್ಲಿ ಫಾರ್ಮ್ಯಾಟ್‌ ಮಾಡಿ.

ಇನ್ನೊಂದು ಉಳಿತಾಯ ದೋಣಿಯಲ್ಲೇ ಸಾಧ್ಯ. ಹಾರುವ ಹಕ್ಕಿಗೆ ಬರ್ಸ್ಟ್‌ ಬೇಕು. ಗೂಡಿನಲ್ಲಿ ಕೂತ ಹಕ್ಕಿಗೆ ಸಿಂಗಲ್‌ ಶಾಟ್‌ ಸಾಕು.